ಅಮ್ಮ ಕೇಳಿಸಿಕೊಂಡ ಫ್ರಾನ್ಸಿನ ಕ್ರಾಂತಿ

ನಾನು ಒಂಬತ್ತನೇ ತರಗತಿಯಲ್ಲಿದ್ದ ವರ್ಷ ನಮ್ಮ ಮನೆಯಲ್ಲಿ ಫ್ರಾನ್ಸಿನ ರಾಜನಿಗೆ ಬೈಗುಳ ಬೀಳದ ಸಂಜೆ ಇರಲಿಲ್ಲ. ಬೈಯುತ್ತಿದ್ದವಳು ಅಮ್ಮ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಗುತ್ತಿಗಾರಿನಿಂದ ಆಚೆ, ಕಾಡಿನ ಅಂಚಿನಲ್ಲಿದ್ದ ನಮ್ಮ ಮನೆಯ ಜಗಲಿಯಲ್ಲಿ ಅವಳು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಾ ಕೂರುತ್ತಿದ್ದಳು. ನಾನು ಎದುರಿಗೆ ಕೂತು ಪಾಠವನ್ನು ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲೇ ಓದಿದರೆ ಅದು ಓದಿದ ಹಾಗಲ್ಲ ಎಂದು ಅವಳ ನಂಬಿಕೆ.

ಗಣಿತ, ವಿಜ್ಞಾನ ಓದುವಾಗ ಅವಳ ಗಮನವೆಲ್ಲ ಎಲೆ ಮತ್ತು ಕತ್ತರಿಯ ಮೇಲೆ. ಚರಿತ್ರೆಯ ಪುಸ್ತಕ ತೆಗೆದರೆ ಮಾತ್ರ ಕಿವಿ ನಿಮಿರುತ್ತಿತ್ತು. ಪುಸ್ತಕದ ಕನ್ನಡ ಅವಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಆದ್ದರಿಂದ ಪ್ರತಿ ಪ್ಯಾರಾ ಓದಿದ ಮೇಲೆ ನಾನು ಅದನ್ನು ನಮ್ಮ ಮನೆಮಾತಾದ ತುಳುವಿನಲ್ಲಿ ಹೇಳಬೇಕಿತ್ತು. ಹೀಗೆ ಫ್ರಾನ್ಸಿನ ಅರಮನೆ, ಅಲ್ಲಿನ ತೆರಿಗೆ, ರೊಟ್ಟಿಗಾಗಿ ಬೀದಿಗೆ ಇಳಿದ ಹೆಂಗಸರು ಎಲ್ಲರೂ ತುಳುವಿನಲ್ಲಿ ನಮ್ಮ ಜಗಲಿಗೆ ಬಂದರು.

ಮೊದಲನೇ ವರ್ಗ ಪಾದ್ರಿಗಳದ್ದು, ಎರಡನೇ ವರ್ಗ ಶ್ರೀಮಂತ ಮನೆತನಗಳದ್ದು, ಉಳಿದವರೆಲ್ಲ ಮೂರನೇ ವರ್ಗ ಎಂದು ನಾನು ವಿವರಿಸಿದಾಗ ಅಮ್ಮ ಕತ್ತರಿ ನಿಲ್ಲಿಸಿದಳು.

"ತೆರಿಗೆ ಕೊಡುದು ಯಾರು?"

"ಮೂರನೆಯವರು ಮಾತ್ರ."

"ಹಾಗಾದ್ರೆ ನಾವು ಮೂರನೆಯದ್ದು" ಎಂದು ಹೇಳಿ ಮತ್ತೆ ಎಲೆ ಕತ್ತರಿಸತೊಡಗಿದಳು.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾವು ಕೂತಿದ್ದ ಜಗಲಿ, ಎದುರಿನ ಗದ್ದೆ, ಬದಿಯ ಅಡಿಕೆ ತೋಟ ಯಾವುದೂ ನಮ್ಮದಲ್ಲ. ಎಲ್ಲ ಧನಿಗಳದ್ದು. ನನ್ನ ಅಜ್ಜ ಹರೆಯದಲ್ಲಿ ಆ ಗುಡ್ಡದ ಬುಡಕ್ಕೆ ಬಂದು ಗೇಣಿಗೆ ನಿಂತವರು. ಕಾಗದಪತ್ರ ಇಲ್ಲ, ಬರೀ ಬಾಯಿಮಾತು. ಕಾಡು ಕಡಿದು ಗದ್ದೆ ಮಾಡಿದರು. ನೀರಿಲ್ಲ ಎಂದು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ಆ ಸುರಂಗದಿಂದ ನೀರು ಹರಿದು ಬಂದ ಮೇಲೆಯೇ ಅಲ್ಲಿ ಅಡಿಕೆ ಸಸಿ ನೆಟ್ಟದ್ದು. ಅವರ ನಂತರ ಅಪ್ಪ ಅದೇ ಗದ್ದೆ ಉಳುತ್ತಿದ್ದರು. ಕೊಯ್ಲು ಮುಗಿದ ಮೇಲೆ ಗೇಣಿ ಅಕ್ಕಿಯನ್ನು ತಲೆಯ ಮೇಲೆ ಹೊತ್ತು ಧನಿಗಳ ಮನೆಗೆ ಮುಟ್ಟಿಸುತ್ತಿದ್ದರು. ಅಲ್ಲಿ ಹೋದರೆ ಅಂಗಳದಲ್ಲಿ ನಿಲ್ಲಬೇಕು, ಹೆಗಲ ಮೇಲಿನ ಬೈರಾಸು, ಅಂದರೆ ಟವೆಲು, ಕೈಗೆ ಬರಬೇಕು.

ನಮ್ಮ ಚರಿತ್ರೆಯ ಮಾಷ್ಟ್ರು ಘಟ್ಟದ ಮೇಲಿನವರು. ಇನ್ನೂ ಮದುವೆಯಾಗಿರಲಿಲ್ಲ. ಶಾಲೆಯ ಹತ್ತಿರ ಒಂದು ಕೋಣೆ ಹಿಡಿದುಕೊಂಡು ಒಬ್ಬರೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಅವರ ಕನ್ನಡ ಕೇಳಿ ಮೊದಲ ತಿಂಗಳು ನಾವೆಲ್ಲ ಬಾಯಿ ಮುಚ್ಚಿ ನಕ್ಕಿದ್ದೇವೆ. ಅದು ತುರ್ತು ಪರಿಸ್ಥಿತಿಯ ಕಾಲ. ದೊಡ್ಡವರು ಬಸ್ಸಿನಲ್ಲಿ ಕೂಡ ಮಾತು ತೂಗಿ ಆಡುತ್ತಿದ್ದರು. ಕ್ರಾಂತಿಯ ಪಾಠ ಬಂದ ದಿನ ಮಾಷ್ಟ್ರು ರಸ್ತೆಯ ಬದಿಯ ಕಿಟಕಿ ಮುಚ್ಚಿದರು. ಆಮೇಲೆ ಕಪ್ಪುಹಲಗೆಯ ಮೇಲೆ ಮೂರು ಪದ ಬರೆದರು: ಸ್ವಾತಂತ್ರ್ಯ, ಸಮಾನತೆ, ಸಹೋದರತ್ವ.

"ಇದನ್ನ ಬಾಯಿಪಾಠ ಮಾಡಬೇಡಿ" ಎಂದರು. "ಮನೆಗೆ ಹೋಗಿ, ನಿಮ್ಮ ಮಾತಿನಲ್ಲಿ ಇವಕ್ಕೆ ಏನಂತಾರೆ ಕೇಳ್ಕೊಂಡು ಬನ್ನಿ."

ಅಂದು ಸಂಜೆ ನಾನು ಅಮ್ಮನನ್ನು ಕೇಳಿದೆ. ತುಳುವಿನಲ್ಲಿ ಆ ಪದಗಳು ನನಗೆ ಸಿಕ್ಕಿರಲಿಲ್ಲ. ಸುತ್ತಿ ಬಳಸಿ ವಿವರಿಸಿದೆ. ಅವಳು ಒಂದು ಕಟ್ಟು ಬೀಡಿ ಮುಗಿಸಿ ಗೆರಸೆ ಬದಿಗಿಟ್ಟಳು.

"ಸ್ವಾತಂತ್ರ್ಯ ಅಂದ್ರೆ ಕೇಳದೆ ಹೋಗುದು" ಎಂದಳು ಕೊನೆಗೆ. "ನಾನು ಕಡಬಕ್ಕೆ, ತವರಿಗೆ ಹೋಗ್ಬೇಕಾದ್ರೆ ನಿನ್ನ ಅಪ್ಪನನ್ನು ಕೇಳ್ಬೇಕು. ಅವರು ಹೋಗಿ ಧನಿಗಳನ್ನು ಕೇಳ್ಬೇಕು. ಅಲ್ಲಿ ಎಂತಾದ್ರೂ ಕೆಲಸ ಇದ್ರೆ ನಾನು ಹೋಗ್ಲಿಕ್ಕಿಲ್ಲ. ಯಾರನ್ನೂ ಕೇಳದೆ ಬಸ್ಸು ಹತ್ಲಿಕ್ಕೆ ಆಗ್ತದಲ್ಲ, ಅದು."

"ಸಮಾನತೆ?"

"ಒಂದೇ ಎತ್ತರದಲ್ಲಿ ಕೂರುದು."

"ಸಹೋದರತ್ವ?"

ಅಮ್ಮ ಅಪ್ಪನ ಕಡೆ ನೋಡಿದಳು. ಅಪ್ಪ ಜಗಲಿಯ ಆ ತುದಿಯಲ್ಲಿ ಮುಟ್ಟಾಳೆಗೆ, ಅಡಿಕೆ ಹಾಳೆಯ ಟೋಪಿಗೆ, ಹೊಲಿಗೆ ಹಾಕುತ್ತಿದ್ದರು. "ಅದನ್ನು ಅವರ ಹತ್ರ ಕೇಳು" ಎಂದಳು. ಅಪ್ಪ ಮುಟ್ಟಾಳೆ ಕೆಳಗಿಟ್ಟು ದನದ ಹಟ್ಟಿಯ ಕಡೆ ಎದ್ದು ಹೋದರು.

ಅಪ್ಪನಿಗೆ ಒಬ್ಬ ಅಣ್ಣ ಇದ್ದರು. ನನ್ನ ದೊಡ್ಡಪ್ಪ. ಅಜ್ಜ ತೀರಿಕೊಂಡ ಮೇಲೆ ಗದ್ದೆಯ ವಿಷಯದಲ್ಲಿ ಇಬ್ಬರಿಗೂ ಮಾತು ಮುರಿಯಿತು. ದೊಡ್ಡಪ್ಪ ಮನೆ ಬಿಟ್ಟು ಧನಿಗಳ ಮನೆಯಲ್ಲೇ ತೋಟ ನೋಡಿಕೊಳ್ಳುವ ಕೆಲಸಕ್ಕೆ ನಿಂತರು. ದಾರಿಯಲ್ಲಿ ಎದುರಾದರೆ ಇಬ್ಬರೂ ಬೇರೆ ಬೇರೆ ಬದಿಗೆ ನೋಡುತ್ತಿದ್ದರು. ಮಾತು ಬಿಟ್ಟು ಆಗ ಆರು ವರ್ಷವಾಗಿತ್ತು.

ಮರುದಿನ ತರಗತಿಯಲ್ಲಿ ನಾನು ಅಮ್ಮನ ಮಾತನ್ನು ಹಾಗೆಯೇ ಹೇಳಿದೆ. ಹುಡುಗರು ನಕ್ಕರು. ಮಾಷ್ಟ್ರು ನಗಲಿಲ್ಲ. ಹಲಗೆಯಲ್ಲಿ ಸಮಾನತೆ ಎಂದು ಬರೆದದ್ದರ ಕೆಳಗೆ "ಒಂದೇ ಎತ್ತರದಲ್ಲಿ ಕೂರುದು" ಎಂದು, ನಮ್ಮ ಊರಿನ ಉಚ್ಚಾರದಲ್ಲೇ, ಬರೆದರು. "ನಮ್ಮ ಕಾಲೇಜಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದರು. ಆ ಶನಿವಾರ ಮಧ್ಯಾಹ್ನ ನಮ್ಮ ಮನೆಗೇ ಬಂದರು.

ಅವರು ಬಂದದ್ದು ಒಂದು ಸುದ್ದಿ ಹೇಳಲು. ಕಾನೂನು ಬದಲಾಗಿದೆ, ಉಳುವವನಿಗೇ ಭೂಮಿ ಎಂದಾಗಿದೆ, ಗೇಣಿಗೆ ಮಾಡುವವರು ಒಂದು ಫಾರ್ಮು ತುಂಬಿ ಕೊಟ್ಟರೆ ತಾಲೂಕಿನ ಭೂ ನ್ಯಾಯಮಂಡಳಿ ವಿಚಾರಿಸಿ ತೀರ್ಪು ಕೊಡುತ್ತದೆ. ಊರಿನಲ್ಲಿ ಈ ಮಾತು ಅಪ್ಪನ ಕಿವಿಗೂ ಬಿದ್ದಿತ್ತು. ಜನ ಅದಕ್ಕೆ ಡಿಕ್ಲರೇಶನ್ ಕೊಡುದು ಎನ್ನುತ್ತಿದ್ದರು. ಕೊಡುವವರು ಯಾರೂ ನಮ್ಮ ಕಡೆ ಇರಲಿಲ್ಲ.

"ಧನಿಗಳು ನಮಗೆ ಎಂತ ಕಮ್ಮಿ ಮಾಡಿದ್ದಾರೆ ಮಾಷ್ಟ್ರೆ?" ಎಂದರು ಅಪ್ಪ. "ಈ ಮಗಳಿಗೆ ಟೈಫಾಯ್ಡ್ ಬಂದಾಗ ಅವರ ಜೀಪಿನಲ್ಲೇ ಸುಳ್ಯಕ್ಕೆ ಕಳಿಸಿದ್ದು. ಅವರ ಮೇಲೆ ಕೇಸು ಹಾಕ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ."

ಮಾತಾಡಿದವಳು ಅಮ್ಮ.

"ಜೀಪು ಕಳಿಸಿದ್ದು ಹೌದು. ಅವರು ಒಳ್ಳೆಯವರೇ, ನಾನು ಇಲ್ಲ ಹೇಳುದಿಲ್ಲ. ಆದ್ರೆ ನಮ್ಮ ಮನೆ ನಿಂತದ್ದು ಅವರ ಒಳ್ಳೇತನದ ಮೇಲೆ. ನಾಳೆ ಅವರ ಮಗ ಒಳ್ಳೆಯವ ಆಗದಿದ್ರೆ ನಾವು ಎಲ್ಲಿಗೆ ಹೋಗುದು?"

ಅಪ್ಪ ಒಪ್ಪಲಿಲ್ಲ. ಮಾಷ್ಟ್ರು ಬೆಲ್ಲ ನೀರು ಕುಡಿದು ಹೋದರು.

ಮುಂದಿನ ವಾರ ಅಮ್ಮ ಒಂದು ಕೆಲಸ ಮಾಡಿದಳು. ಬೆಳಿಗ್ಗೆ ಗಂಜಿ ಬೇಯಿಸಿಟ್ಟು, ತಲೆ ಬಾಚಿ, ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಳು. "ನಡಿ, ಕಡಬಕ್ಕೆ" ಎಂದಳು ನನ್ನ ಹತ್ತಿರ. ಅಪ್ಪ ಗದ್ದೆಯಿಂದ ಬಂದು ಅಂಗಳದಲ್ಲಿ ನಿಂತರು.

"ಧನಿಗಳ ಹತ್ರ ಹೇಳ್ಲಿಲ್ಲ" ಎಂದರು.

"ಹೌದು, ಹೇಳ್ಲಿಲ್ಲ" ಎಂದಳು ಅಮ್ಮ. "ಗಂಜಿ ಮಾಡಿಟ್ಟಿದ್ದೇನೆ. ಚಟ್ನಿ ಉಂಟು."

ಗುತ್ತಿಗಾರಿನವರೆಗೆ ನಡೆದು, ಅಲ್ಲಿಂದ ಬಸ್ಸಿನಲ್ಲಿ, ಕೊನೆಗೆ ಒಂದು ಜೀಪಿನ ಹಿಂಭಾಗದಲ್ಲಿ ಒತ್ತಾಗಿ ಕೂತು ಕಡಬ ಮುಟ್ಟಿದೆವು. ದಾರಿಯುದ್ದಕ್ಕೂ ನನಗೆ ಹೆದರಿಕೆ. ಅಮ್ಮ ಮಾತ್ರ ಹೊರಗೆ ನೋಡುತ್ತಾ, ಯಾರ ತೋಟದಲ್ಲಿ ರಬ್ಬರು ಹಾಕಿದ್ದಾರೆ, ಯಾರ ಮನೆಗೆ ಹೊಸ ಹಂಚು ಬಂದಿದೆ ಎಂದು ಹೇಳುತ್ತಾ ಇದ್ದಳು. ತವರಿನಲ್ಲಿ ಎರಡು ದಿನ ಇದ್ದೆವು. ಅವಳು ಅಷ್ಟು ನಕ್ಕದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವಳ ತಮ್ಮ, ನನ್ನ ಮಾವ, "ಈ ಸಲ ಎಷ್ಟು ದಿನದ ಅಪ್ಪಣೆ ಅಕ್ಕಾ?" ಎಂದು ಕೇಳಿದಾಗ ಅವಳು ಸ್ವಲ್ಪ ಗರ್ವದಿಂದಲೇ, "ನನಗೆ ಬೇಕಾದಷ್ಟು" ಎಂದಳು.

ನಾವು ವಾಪಸು ಬಂದಾಗ ಅಪ್ಪ ಜಗಲಿಯಲ್ಲಿ ಮುಖ ಬಿಗಿದುಕೊಂಡು ಕೂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಆದದ್ದು ಬೇರೆ. ನಾವು ಇಲ್ಲದಾಗ ಧನಿಗಳ ಗುಮಾಸ್ತ ಬಂದಿದ್ದನಂತೆ. "ಹೆಂಡತಿಗೆ ಹಗ್ಗ ಉದ್ದ ಬಿಟ್ಟಿದ್ದಿ, ಸ್ವಲ್ಪ ಗಿಡ್ಡ ಕಟ್ಟು" ಎಂದು ಹೇಳಿ ನಗುತ್ತಾ ಹೋದನಂತೆ. ಅಪ್ಪ ಅದನ್ನು ಅಮ್ಮನಿಗೆ ಹೇಳಿದ್ದು ನೆಲ ನೋಡಿಕೊಂಡು. ಆಮೇಲೆ ಕೇಳಿದರು:

"ಆ ಫಾರ್ಮು ಎಲ್ಲಿ ಸಿಗ್ತದಂತೆ?"

ಫಾರ್ಮು ತಂದುಕೊಟ್ಟವರು ಮಾಷ್ಟ್ರು. ತುಂಬಿದವಳು ನಾನು. "ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ" ಎಂದರು ಮಾಷ್ಟ್ರು. ಮಣೆಯ ಮೇಲೆ ಕಾಗದ ಇಟ್ಟು, ಶಾಯಿ ಚೆಲ್ಲದ ಹಾಗೆ ಉಸಿರು ಬಿಗಿಹಿಡಿದು ಬರೆದೆ. ಎಷ್ಟು ಸಮಯದಿಂದ ಸಾಗುವಳಿ ಎಂಬ ಜಾಗಕ್ಕೆ ಬಂದಾಗ ಅಪ್ಪ ಬೆರಳು ಮಡಚಿದರು. ಇಸವಿ ಅವರಿಗೆ ಗೊತ್ತಿರಲಿಲ್ಲ. ಸುರಂಗದಲ್ಲಿ ನೀರು ಬಂದ ವರ್ಷ ತಾನು ಹುಟ್ಟಿದ್ದು ಎಂದು ಮಾತ್ರ ಗೊತ್ತಿತ್ತು. ಅವರ ವಯಸ್ಸಿನಿಂದ ಹಿಂದಕ್ಕೆ ಎಣಿಸಿ ನಾನು ಇಸವಿ ಬರೆದೆ. ಅವರು ಹೆಬ್ಬೆಟ್ಟು ಒತ್ತಿದರು. ಒತ್ತಿದ ಮೇಲೆ ಆ ಬೆರಳನ್ನು ತುಂಬ ಹೊತ್ತು ನೋಡುತ್ತಾ ಕೂತರು.

ಸುದ್ದಿ ಹಬ್ಬಿತು. ಅದೇ ಧನಿಗಳಿಗೆ ಗೇಣಿ ಕೊಡುವ ಇನ್ನೂ ಏಳು ಮನೆಗಳು ಸುತ್ತಮುತ್ತ ಇದ್ದವು. ಎಲ್ಲರಿಗೂ ಆಸೆ, ಎಲ್ಲರಿಗೂ ಹೆದರಿಕೆ. ಗುಮಾಸ್ತ ಮನೆಮನೆಗೆ ಹೋಗಿ, ಡಿಕ್ಲರೇಶನ್ ಕೊಟ್ಟವರ ಕಾಣಿಕೆಯನ್ನು ಊರು ಕಾಯುವ ದೈವ ತೆಗೆದುಕೊಳ್ಳುವುದಿಲ್ಲ ಎಂದು ಹೇಳತೊಡಗಿದ. ಇದು ಸಣ್ಣ ಮಾತಲ್ಲ. ನಮ್ಮ ಕಡೆ ಕೋರ್ಟಿಗೆ ಹೆದರದವರೂ ದೈವಕ್ಕೆ ಹೆದರುತ್ತಾರೆ. ನಮ್ಮ ಮನೆಗೆ ಬಂದು ಅದನ್ನೇ ಹೇಳಿದಾಗ ಅಮ್ಮ ಕೇಳಿದಳು: "ದೈವಕ್ಕೆ ಇಷ್ಟು ವರ್ಷ ಹೋದದ್ದು ನಾವು ಬೆಳೆದ ಅಕ್ಕಿಯೇ ಅಲ್ವಾ? ಆಗ ರುಚಿ ಆಗ್ತಿತ್ತು, ಈಗ ಕಹಿ ಆಗ್ತದಾ?" ಅವನು ಮೆಟ್ಟಿಲು ಇಳಿದ.

ಎಂಟೂ ಮನೆಯವರು ಒಟ್ಟಿಗೆ ಕೂತು ಮಾತಾಡುವುದು ಎಂದಾಯಿತು. ಭಾನುವಾರ ಹಗಲು, ಭಜನಾ ಮಂದಿರದಲ್ಲಿ. ಹೋಗಿ ನೋಡಿದರೆ ಮಂದಿರಕ್ಕೆ ಬೀಗ. ಯಾವತ್ತೂ ಬೀಗ ಹಾಕದ ಮಂದಿರ ಅದು. ಬೀಗದ ಕೈ ಗುಮಾಸ್ತನ ಹತ್ತಿರ ಎಂದು ಎಲ್ಲರಿಗೂ ಗೊತ್ತಾಯಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಬ್ಬೊಬ್ಬರಾಗಿ ಹಿಂದೆ ತಿರುಗುವ ಹಾಗೆ ಕಂಡಿತು.

ಅಮ್ಮ ನನ್ನ ತೋಳು ಹಿಡಿದಳು. "ಆ ಬೀಗ ಹಾಕಿದ ಕಥೆ ಹೇಳು."

ನನಗೆ ತಕ್ಷಣ ಹೊಳೆಯಲಿಲ್ಲ. "ಯಾವುದು?"

"ಫ್ರಾನ್ಸಿನದ್ದು. ಹೇಳು ಇವರಿಗೆ."

ನಾನು ಹೇಳಿದೆ. ಹದಿನಾಲ್ಕು ವರ್ಷದವಳು, ಊರಿನ ಹಿರಿಯರ ಎದುರು ನಿಂತು, ತುಳುವಿನಲ್ಲಿ ಹೇಳಿದೆ. ಮೂರನೇ ವರ್ಗದವರು ಸಭೆಗೆ ಬಂದಾಗ ಸಭಾಂಗಣದ ಬಾಗಿಲು ಮುಚ್ಚಿತ್ತು. ಅವರು ಮನೆಗೆ ಹೋಗಲಿಲ್ಲ. ಹತ್ತಿರದಲ್ಲಿ ಒಂದು ಚೆಂಡಾಟದ ಜಾಗ ಇತ್ತು. ಅಲ್ಲಿಗೆ ಹೋಗಿ, ನಮ್ಮ ಕೆಲಸ ಮುಗಿಯುವವರೆಗೆ ನಾವು ಚದುರುವುದಿಲ್ಲ ಎಂದು ಆಣೆ ಮಾಡಿದರು.

ಒಬ್ಬ ಮುದುಕರು ಕೇಳಿದರು: "ರಾಜ ಮತ್ತೆ ಎಂತ ಮಾಡಿದ?"

"ಸ್ವಲ್ಪ ದಿನ ನೋಡಿದ. ಕಡೆಗೆ ಅವನೇ ಸೋತು, ಮೂರೂ ವರ್ಗದವರು ಒಟ್ಟಿಗೇ ಕೂರಿ ಅಂದ."

"ನಮ್ಮ ಶಾಲೆಯಲ್ಲಿ ಉಂಟಲ್ಲ ಮಾರಾಯ್ರೆ, ವಾಲಿಬಾಲಿನ ಜಾಗ" ಎಂದು ಇನ್ನೊಬ್ಬರು ಹೇಳಿದರು. ಯಾರೋ ನಕ್ಕರು. ಆ ನಗುವಿನಲ್ಲಿ ಹೆದರಿಕೆ ಸ್ವಲ್ಪ ಇಳಿಯಿತು. ಎಲ್ಲರೂ ಶಾಲೆಯ ಅಂಗಳಕ್ಕೆ ನಡೆದರು. ಬಲೆ ಕಟ್ಟುವ ಎರಡು ಕಂಬಗಳ ನಡುವೆ, ಬಿಸಿಲಿನಲ್ಲಿ, ನೆಲದ ಮೇಲೆ ಕೂತರು. ಎಂಟು ಮನೆಯವರೂ ಡಿಕ್ಲರೇಶನ್ ಕೊಡುವುದು, ಕೊಟ್ಟ ಮೇಲೆ ಯಾರೂ ಹಿಂದೆ ತೆಗೆಯುವುದಿಲ್ಲ, ಒಬ್ಬರಿಗೆ ಇನ್ನೊಬ್ಬರು ಸಾಕ್ಷಿ ಹೇಳುವುದು ಎಂದು ದೈವದ ಹೆಸರಿನಲ್ಲೇ ಮಾತು ಕೊಟ್ಟುಕೊಂಡರು. ಆ ವಾರದಲ್ಲಿ ಉಳಿದ ಏಳು ಫಾರ್ಮುಗಳನ್ನೂ ನಾನೇ ಬರೆದೆ.

ಸೋಮವಾರ ಶಾಲೆಯಲ್ಲಿ ಮಾಷ್ಟ್ರು ಎಲ್ಲವನ್ನೂ ಕೇಳಿ ತಿಳಿದುಕೊಂಡು, "ರಾಜನ ತಲೆ ತೆಗೆದ ಭಾಗ ಹೇಳಿದೆಯಾ?" ಎಂದರು.

"ಇಲ್ಲ ಸಾರ್."

"ಒಳ್ಳೇದಾಯ್ತು. ನಮಗೆ ಅಷ್ಟು ದೂರ ಹೋಗೋ ಕೆಲಸ ಇಲ್ಲ."

ನಾನು ಹತ್ತನೇ ತರಗತಿಗೆ ಬಂದ ಮೇಲೆ ನಮ್ಮ ವಿಚಾರಣೆಯ ನೋಟೀಸು ಬಂತು. ಸುಳ್ಯಕ್ಕೆ ಅಪ್ಪ, ಅಮ್ಮ, ನಾನು, ಸಾಕ್ಷಿ ಹೇಳಲು ನೆರೆಯ ಇಬ್ಬರು ಹೊರಟೆವು. ಕಚೇರಿಯ ಆ ಕೋಣೆಯಲ್ಲಿ ಮೇಜಿನ ಆಚೆ ಅಧಿಕಾರಿ ಮತ್ತು ಸದಸ್ಯರು. ಈಚೆ ಗೋಡೆಗೆ ತಾಗಿ ಒಂದು ಉದ್ದನೆಯ ಬೆಂಚು. ಬೆಂಚಿನ ಒಂದು ತುದಿಯಲ್ಲಿ ಧನಿಗಳು ಕೂತಿದ್ದರು, ಬಿಳಿ ವಸ್ತ್ರ, ಹೆಗಲ ಮೇಲೆ ಶಾಲು. ಅಪ್ಪ ಬಾಗಿಲಲ್ಲೇ ಬೈರಾಸನ್ನು ಕೈಗೆ ತೆಗೆದುಕೊಂಡು ನಿಂತರು.

"ಕೂತ್ಕೊಳ್ಳಿ" ಎಂದರು ಅಧಿಕಾರಿ.

ಅಪ್ಪ ಅಲುಗಲಿಲ್ಲ. ಧನಿಗಳು ಕೂತ ಬೆಂಚಿನಲ್ಲಿ ಅವರು ಜೀವಮಾನದಲ್ಲಿ ಕೂತವರಲ್ಲ. ಅಧಿಕಾರಿ ಮತ್ತೊಮ್ಮೆ ತಲೆ ಎತ್ತಿದರು. ಆಗ ಅಮ್ಮ ಮುಂದೆ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಸೆರಗು ಸರಿಮಾಡಿಕೊಂಡು, ಪಕ್ಕದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಅಪ್ಪ ಬಂದು ಕೂತರು. ಧನಿಗಳು ನೇರ ಮುಂದಕ್ಕೆ ನೋಡುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತು ಆ ಬೆಂಚನ್ನೇ ನೋಡುತ್ತಿದ್ದೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಕೇಳುವ ಪದವೊಂದು ಮರದ ಹಲಗೆಯಾಗಿ ನನ್ನ ಕಣ್ಣೆದುರು ಇತ್ತು.

ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ. ಅವರವರ ಮಾತು ಅವರವರೇ ಹೇಳಬೇಕು. ಧನಿಗಳು ಮೆಲ್ಲನೆ, ಮರ್ಯಾದೆಯಿಂದಲೇ ಹೇಳಿದರು: "ಇವರು ನಮ್ಮ ಗೇಣಿ ಒಕ್ಕಲು ಅಲ್ಲ. ತೋಟದ ಕೆಲಸಕ್ಕೆ ಇಟ್ಟುಕೊಂಡವರು. ಇವರ ತಂದೆಯೂ ಹಾಗೆಯೇ ಇದ್ದವರು." ಹೇಳುವಾಗ ಅಪ್ಪನ ಕಡೆ ನೋಡಲಿಲ್ಲ.

ಅಪ್ಪ ಎದ್ದು ನಿಂತು, "ಗೇಣಿ ಕೊಟ್ಟದ್ದು ಹೌದು ಸ್ವಾಮಿ" ಎಂದಷ್ಟೇ ಹೇಳಿದರು. ರಶೀದಿ ಉಂಟಾ ಎಂದು ಅಧಿಕಾರಿ ಕೇಳಿದರು. ಇಲ್ಲ. ನಮ್ಮ ನೆರೆಯವರಿಬ್ಬರೂ ಸಾಕ್ಷಿ ಹೇಳಿದರು. ಇವರೂ ಅರ್ಜಿ ಹಾಕಿದವರೇ ಎಂದು ಧನಿಗಳು ತಕರಾರು ತೆಗೆದರು. ಆಮೇಲೆ, "ನಮ್ಮ ಕಡೆ ಒಬ್ಬ ಸಾಕ್ಷಿ ಇದ್ದಾನೆ. ಇವನ ಸ್ವಂತ ಅಣ್ಣ" ಎಂದರು.

ದೊಡ್ಡಪ್ಪ ಒಳಗೆ ಬಂದರು. ಹೊಸ ಅಂಗಿ ಹಾಕಿದ್ದರು. ಅಪ್ಪ ಕಣ್ಣು ಮುಚ್ಚಿದ್ದು ನನಗೆ ಕಂಡಿತು. ಅಮ್ಮನ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು. ಒಂದು ಮಾತಿನಲ್ಲಿ ನಮ್ಮ ಮನೆ ಹೋಗುವ ಹೊತ್ತು ಅದು.

"ನಿಮ್ಮ ತಂದೆ ಆ ಜಾಗದಲ್ಲಿ ಕೂಲಿಗೆ ಇದ್ದವರಾ?" ಎಂದು ಅಧಿಕಾರಿ ಕೇಳಿದರು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಸದಸ್ಯರಲ್ಲಿ ಒಬ್ಬರು ನಮ್ಮ ತಾಲೂಕಿನವರೇ ಇರಬೇಕು, ಕಾಗದದ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ಒಂದು ಸುರಂಗ ಉಂಟು ಅಂತ ಬರೆದಿದೆ. ಅದನ್ನು ತೋಡಿದ್ದು ಯಾರು?"

ದೊಡ್ಡಪ್ಪ ತಲೆ ಎತ್ತಿದರು.

"ನನ್ನ ಅಪ್ಪ" ಎಂದರು. "ನಾನೂ. ನಾನು ಸಣ್ಣವ. ಅಪ್ಪ ಒಳಗೆ ಅಗೀತಿದ್ರು, ನಾನು ಬುಟ್ಟಿಯಲ್ಲಿ ಮಣ್ಣು ಹೊರಗೆ ತರ್ತಿದ್ದೆ."

"ಕೂಲಿಗೆ ತೋಡಿದ್ದಾ?"

"ಕೂಲಿಗೆ ಯಾರೂ ಎಂಟು ವರ್ಷ ಗುಡ್ಡದ ಹೊಟ್ಟೆಯೊಳಗೆ ಹೋಗುದಿಲ್ಲ ಸ್ವಾಮಿ. ಧನಿಗಳು ಒಂದು ಪಿಕ್ಕಾಸಿನ ಕಾವು ಸಹ ಕೊಡ್ಲಿಲ್ಲ. ಅಪ್ಪ ಗೇಣಿಗೆ ನಿಂತವರು. ಗೇಣಿ ಅಕ್ಕಿ ನಾನೇ ಹೊತ್ತದ್ದುಂಟು. ಈಗ ಹೊರುದು ಇವ, ನನ್ನ ತಮ್ಮ."

ಇಷ್ಟು ಹೇಳಿ ಅವರು ಕೈಯಲ್ಲಿದ್ದ ಬೈರಾಸಿನಿಂದ ಮುಖ ಒರೆಸಿಕೊಂಡರು. ಧನಿಗಳು ಮೊದಲ ಸಲ ತಲೆ ತಿರುಗಿಸಿ ಅವರನ್ನು ನೋಡಿದರು. ಧನಿಗಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಬಹಳ ದಣಿದವರ ಹಾಗೆ ಕಂಡರು.

ತೀರ್ಪನ್ನು ಅಲ್ಲೇ ಬರೆಸಿದರು. ನನಗೆ ಆ ಕಚೇರಿಯ ಭಾಷೆ ಅರ್ಥವಾಗಲಿಲ್ಲ. ಅಧಿಕಾರಿ ಕೊನೆಗೆ ಅಪ್ಪನ ಕಡೆ ತಿರುಗಿ, "ಜಾಗ ನಿಮ್ಮದು. ಕಾಗದ ಮನೆಗೆ ಬರ್ತದೆ" ಎಂದರು. ಅಪ್ಪ ಕೈ ಮುಗಿದರು. ಆಮೇಲೆ ಯಾಕೋ ಮತ್ತೆ ಬೆಂಚಿನ ಮೇಲೆ ಕೂತರು. ಕಚೇರಿಯ ಜವಾನ ಬಂದು, "ಇನ್ನು ಏಳಿ, ಬೇರೆಯವರದ್ದು ಉಂಟು" ಎಂದು ಹೇಳುವವರೆಗೆ ಕೂತೇ ಇದ್ದರು.

ಹೊರಗೆ ಬಂದಾಗ ದೊಡ್ಡಪ್ಪ ಎಲ್ಲಿಯೂ ಕಾಣಲಿಲ್ಲ. ಸಂಜೆ ನಾವು ಮನೆ ಮುಟ್ಟಿದರೆ ಅವರು ನಮ್ಮ ಅಂಗಳದ ತುದಿಯಲ್ಲಿ, ಸುರಂಗದ ನೀರು ಬಂದು ಬೀಳುವ ಕೆರೆಯ ಕಟ್ಟೆಯ ಮೇಲೆ ಕೂತಿದ್ದರು. ಜೊತೆಗೆ ಒಂದು ಟ್ರಂಕು. ಧನಿಗಳ ಮನೆಯಲ್ಲಿ ಇನ್ನು ಜಾಗ ಇಲ್ಲವಲ್ಲ. ಅಪ್ಪ ಹೋಗಿ ಪಕ್ಕದಲ್ಲಿ ಕೂತರು. ಏಳು ವರ್ಷದ ಮಾತು ಎಲ್ಲಿಂದ ಶುರುಮಾಡುವುದು ಎಂದು ಇಬ್ಬರಿಗೂ ತಿಳಿಯಲಿಲ್ಲ.

"ನಾನು ಸುಳ್ಳು ಹೇಳ್ಲಿಕ್ಕೇ ಹೋದದ್ದು" ಎಂದರು ದೊಡ್ಡಪ್ಪ. "ಬಾಯಿಪಾಠ ಮಾಡಿ ಹೋಗಿದ್ದೆ. ಅವರು ಸುರಂಗ ಯಾರು ತೋಡಿದ್ದು ಅಂತ ಕೇಳಿದ್ರಲ್ಲ, ನಮ್ಮ ಅಪ್ಪ ಆ ಸುರಂಗದ ಒಳಗಿನಿಂದ ಕೆಮ್ಮಿದ ಹಾಗೆ ಆಯ್ತು. ಮತ್ತೆ ಸುಳ್ಳು ಬಾಯಿಗೆ ಬರ್ಲಿಲ್ಲ."

ಅಪ್ಪ ಟ್ರಂಕನ್ನು ಎತ್ತಿಕೊಂಡರು. "ಒಳಗೆ ಬಾ. ಹೊಳೆಮೀನು ಉಂಟು" ಎಂದರು. ನನ್ನ ಅಪ್ಪನ ಜೀವನದ ದೊಡ್ಡ ಭಾಷಣ ಅದು.

ಎಂಟು ಮನೆಗಳಲ್ಲಿ ಏಳು ಮನೆಯವರಿಗೆ ಜಾಗ ಆಯಿತು. ಒಂದು ಮನೆಯದ್ದು ಮೇಲಿನ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ನಡೆಯಿತು. ಉಳಿದ ಏಳು ಮನೆಯವರೂ ಸರದಿಯಲ್ಲಿ ಅವರ ಜೊತೆ ಬೆಂಗಳೂರಿಗೆ ಹೋಗಿಬಂದರು, ಮಾತು ಕೊಟ್ಟದ್ದಕ್ಕೆ. ಧನಿಗಳು ಮುಂದಿನ ವರ್ಷ ಮಗಳ ಮದುವೆಗೆ ಕರೆಯಲು ತಾವೇ ನಮ್ಮ ಮನೆಗೆ ಬಂದರು. ನಮ್ಮಲ್ಲಿ ಕುರ್ಚಿ ಇರಲಿಲ್ಲ. ಅಮ್ಮ ಚಾಪೆ ಹಾಸಿದಳು. ಅವರು ಒಂದು ಕ್ಷಣ ನಿಂತು, ಆಮೇಲೆ ಕಾಲು ಮಡಚಿ ಕೂತರು. ಅಪ್ಪ ಅದೇ ಚಾಪೆಯ ಮೇಲೆ ಕೂತು ಎಲೆ ಅಡಿಕೆ ಕೊಟ್ಟರು. ಇಬ್ಬರೂ ಅಡಿಕೆಯ ಕೊಳೆರೋಗದ ವಿಷಯ ಮಾತಾಡಿದರು. ನಾವು ಮದುವೆಗೆ ಹೋಗಿ ಪಂಕ್ತಿಯಲ್ಲಿ ಊಟ ಮಾಡಿ ಬಂದೆವು. ಮಾಷ್ಟ್ರಿಗೆ ಘಟ್ಟದ ಮೇಲಕ್ಕೆ ವರ್ಗವಾದಾಗ ಎಂಟೂ ಮನೆಯವರು ಗುತ್ತಿಗಾರಿನವರೆಗೆ ಹೋಗಿ ಬಸ್ಸು ಹತ್ತಿಸಿದರು. ಬಸ್ಸಿನಲ್ಲಿ ಅವರ ಹಾಸಿಗೆಗಿಂತ ಹಲಸಿನ ಹಪ್ಪಳದ ಕಟ್ಟೇ ದೊಡ್ಡದಿತ್ತು.

ಇಲ್ಲಿಗೆ ಮುಗಿಸಿದರೆ ನನ್ನ ಅಮ್ಮನಿಗೆ ಅನ್ಯಾಯವಾಗುತ್ತದೆ. ಅವಳ ನಿಜವಾದ ಗೆಲುವು ಆಮೇಲಿನದ್ದು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಪುತ್ತೂರಿನಲ್ಲಿದ್ದುಕೊಂಡು ಶಿಕ್ಷಕಿಯ ತರಬೇತಿಗೆ ಹೋಗುತ್ತಿದ್ದೆ. ರಜೆಗೆ ಮನೆಗೆ ಬಂದಾಗ ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದೆ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸು ಅಂಗಳದ ಕೆಳಗೆ ನಿಂತು ಅಪ್ಪನನ್ನು ಕೂಗಿದಳು. ಅವಳ ಗುಡಿಸಲು ನಮ್ಮ ತೋಟದ ಅಂಚಿನಲ್ಲೇ ಇತ್ತು. ಅವಳ ತಾಯಿಯೂ ಅಲ್ಲಿಯೇ ಇದ್ದವಳು. ಅವಳ ಜಾತಿಯವರು ಅಂಗಳಕ್ಕೆ ಹತ್ತುವ ವಾಡಿಕೆ ಇರಲಿಲ್ಲ. ಯಾರೂ ಹತ್ತಬೇಡ ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಹತ್ತು ಎಂದೂ ಹೇಳಿರಲಿಲ್ಲ.

"ಧನಿಗಳೇ" ಎಂದು ಅವಳು ಕರೆದಳು.

ಅಪ್ಪ ಯಾರೋ ಬಂದಿದ್ದಾರೆ ಎಂದು ಸುತ್ತ ನೋಡಿದರು. ಅವಳು ಕರೆದದ್ದು ಅವರನ್ನೇ. ಅಮ್ಮ ಒಳಗಿನಿಂದ ಬಂದಳು.

"ಅವರನ್ನು ಹಾಗೆ ಕರೀಬೇಡ" ಎಂದಳು.

"ಮತ್ತೆ ಎಂತ ಹೇಳ್ಬೇಕು?" ಎಂದಳು ಆ ಹೆಂಗಸು. ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. "ಜಾಗ ಇದ್ದವರು ಧನಿಗಳು. ಮೊದಲು ಅವರು, ಈಗ ನೀವು."

ಅಮ್ಮನಿಗೆ ಸಿಟ್ಟು ಬಂತು. ಎರಡು ದಿನ ಪಾತ್ರೆಗಳ ಸದ್ದು ಜೋರಾಗಿತ್ತು. "ನಾವು ಅವಳಿಗೆ ಎಂತ ಕಮ್ಮಿ ಮಾಡಿದ್ದೇವೆ?" ಎಂದು ಒಂದು ಸಲ ನನ್ನ ಹತ್ತಿರ ಕೇಳಿದಳು. ಕೇಳಿ, ತನ್ನದೇ ಮಾತನ್ನು ತಾನೇ ಕೇಳಿಸಿಕೊಂಡವಳ ಹಾಗೆ ಸುಮ್ಮನಾದಳು. ಅದು ಅಂದು ಅಪ್ಪ ಧನಿಗಳ ಪರವಾಗಿ ಆಡಿದ್ದ ಮಾತು. ಮೂರನೇ ದಿನ ಅಪ್ಪನನ್ನೂ ದೊಡ್ಡಪ್ಪನನ್ನೂ ಕೂರಿಸಿಕೊಂಡು ಹೇಳಿದಳು: "ಅವಳ ಗುಡಿಸಲಿನ ಜಾಗ ಅವಳ ಹೆಸರಿಗೆ ಮಾಡಿಕೊಡ್ಬೇಕು. ಅವಳ ಮನೆ ನಮ್ಮ ಒಳ್ಳೇತನದ ಮೇಲೆ ನಿಲ್ಲುದು ಬೇಡ." ದೊಡ್ಡಪ್ಪ ಸ್ವಲ್ಪ ಎಳೆದಾಡಿದರು. ಅಪ್ಪ ಬೇಗ ಒಪ್ಪಿದರು.

ಹತ್ತು ಸೆಂಟ್ಸು ಜಾಗ ಎಂದಾಯಿತು. ಅಳೆದು ಕಲ್ಲು ಹಾಕುವ ದಿನ ಅಮ್ಮನೂ ನಾನೂ ಗುಡಿಸಲಿನ ಹತ್ತಿರ ಹೋದೆವು. ಅಪ್ಪ ಗೂಟ ಹೊಡೆದರು. ಆ ಹೆಂಗಸು ಮೂರು ಮೂಲೆಗೆ ಹೂಂ ಎಂದಳು. ನಾಲ್ಕನೆಯ ಗೂಟದ ಹತ್ತಿರ ಬಂದು ನಿಂತಳು. ಅಲ್ಲಿ ಒಂದು ಹಲಸಿನ ಮರ ಇತ್ತು. ಗೂಟ ಮರದ ಈಚೆಗೆ ಬಿದ್ದಿತ್ತು.

"ಮರ ನನ್ನ ಬದಿಗೆ ಬರ್ಬೇಕು" ಎಂದಳು.

"ಅದು ನನ್ನ ಅತ್ತೆ ನೆಟ್ಟದ್ದು" ಎಂದಳು ಅಮ್ಮ.

"ನೆಟ್ಟದ್ದು ಅವರಾದ್ರೆ ನೀರು ಹಾಕಿದ್ದು ನನ್ನ ಅಮ್ಮ. ಕೇಳಿ ಬೇಕಾದ್ರೆ."

"ಅರ್ಧ ಹಣ್ಣು ನಿನಗೆ ಕೊಡ್ತೇನೆ."

"ಕೊಡುದು ಬೇಡ. ಮರ ನನ್ನದಾಗ್ಲಿ, ಬೇಕಾದ್ರೆ ಅರ್ಧ ಹಣ್ಣು ನಾನು ನಿಮಗೆ ಕೊಡ್ತೇನೆ."

ಇಬ್ಬರೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮರದ ಬುಡದಲ್ಲಿ ಅರ್ಧ ಗಂಟೆ ವಾದ ಮಾಡಿದರು. ಅಪ್ಪ ಸುತ್ತಿಗೆ ಹಿಡಿದು ಕಾಯುತ್ತಾ ನಿಂತರು. ಅಲ್ಲಿಯವರೆಗೆ ಆ ಹೆಂಗಸು ಅಮ್ಮನ ಮಾತಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೊನೆಗೆ ಅಮ್ಮ ಕೈ ಚೆಲ್ಲಿದಳು. ಅಪ್ಪ ಗೂಟ ಕಿತ್ತು ಮರದ ಆಚೆ ಬದಿಗೆ ಹೊಡೆದರು. ಆ ಹೆಂಗಸು ಒಳಗೆ ಹೋಗಿ, ಹೊಸ ಚಾಪೆ ತಂದು ಮರದ ನೆರಳಿನಲ್ಲಿ ಹಾಸಿ, ನಮ್ಮನ್ನೆಲ್ಲ ಕೂರಿಸಿ ಕಾಫಿ ಕೊಟ್ಟಳು. ಅವಳ ಮನೆಯಲ್ಲಿ ನಮ್ಮವರು ಕುಡಿದ ಮೊದಲ ಕಾಫಿ ಅದು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು.

ಮನೆಗೆ ಬರುವ ದಾರಿಯಲ್ಲಿ ಅಮ್ಮ ಗೊಣಗುತ್ತಲೇ ಇದ್ದಳು. "ಎಂತ ಹೆಂಗಸು ಮಾರಾಯ್ತಿ ಅವಳು, ನನ್ನ ಸಮಕ್ಕೇ ನಿಂತಳು, ಒಂದು ಅಡಿ ಬಿಡ್ಲಿಲ್ಲ." ಅಷ್ಟು ಹೇಳಿ ನಿಂತು, ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮನೆಗೆ ಬಂದು ಕಾಲು ತೊಳೆದು, ಅಂಗಳದಲ್ಲೇ ನಿಂತು, ದೊಡ್ಡಪ್ಪನಿಗೆ ಆ ವಾದವನ್ನು ಮೊದಲಿನಿಂದ ಕೊನೆಯವರೆಗೆ, ಆ ಹೆಂಗಸಿನ ಧ್ವನಿಯಲ್ಲಿ ಒಮ್ಮೆ ತನ್ನ ಧ್ವನಿಯಲ್ಲಿ ಒಮ್ಮೆ, ಆಡಿ ತೋರಿಸಿದಳು.